ನೈಟ್ರೋ ಎಂಜಿನ್ನಿನ ಹಿಂಬದಿ ಬೇರಿಂಗ್: ಸೆರಾಮಿಕ್ ಬೇಕೇ, ಉಕ್ಕು ಸಾಕೇ?

ಧೂಳಿನ ದಾರಿ

ನನ್ನ 1/8 ಅಳತೆಯ ರೇಡಿಯೋ ನಿಯಂತ್ರಿತ ಮಾದರಿ ಕಾರಿನ (ಬಗ್ಗಿ) 3.5 ಸಿಸಿ ನೈಟ್ರೋ ಎಂಜಿನ್, ಅಂದರೆ ಮೆಥನಾಲ್ ಮತ್ತು ನೈಟ್ರೋಮೀಥೇನ್ ಬೆರೆಸಿದ ಇಂಧನದಿಂದ ಓಡುವಂಥದ್ದು, ಮೂರು ತಿಂಗಳು ಕಪಾಟಿನಲ್ಲೇ ಇತ್ತು. ನಿನ್ನೆ ಹೊರಗೆ ತೆಗೆದೆ. ಗ್ಲೋ ಪ್ಲಗ್ ಬಿಚ್ಚಿ ಫ್ಲೈವೀಲನ್ನು ಕೈಯಿಂದ ತಿರುಗಿಸಿದರೆ ಒಳಗೆ ಮರಳು ಬಿದ್ದಂತೆ ಕರಕರ ಎನ್ನುತ್ತದೆ. ಪ್ಲಗ್ ಇಲ್ಲದಿರುವುದರಿಂದ ಇದು ಕಂಪ್ರೆಶನ್ನಿನ ಬಿಗಿತವಂತೂ ಅಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿದಾಗ ಕನೆಕ್ಟಿಂಗ್ ರಾಡಿನ ಬುಡದಲ್ಲಿ ಕಂದು ಬಣ್ಣದ ಲೇಪ ಕಂಡಿತು. ಕ್ರ್ಯಾಂಕ್ ಶಾಫ್ಟನ್ನು ಹಿಡಿದಿರುವ ಎರಡು ಬೇರಿಂಗ್‌ಗಳಲ್ಲಿ ಹಿಂಬದಿಯದು ಹಾಳಾಗಿದೆ ಎಂಬುದು ನನ್ನ ಅನುಮಾನ.

ಬೇರಿಂಗಿನ ಅಳತೆ 14×25.4×6 ಮಿ.ಮೀ. ಇದೇ ಅಳತೆಯಲ್ಲಿ ಉಕ್ಕಿನದೂ ಸಿಗುತ್ತದೆ, ಸೆರಾಮಿಕ್ಕೂ ಸಿಗುತ್ತದೆ. ಬೆಲೆಯಲ್ಲಿ ಮಾತ್ರ ಹಲವು ಪಟ್ಟು ವ್ಯತ್ಯಾಸ. ಸೆರಾಮಿಕ್ ಪೊಟ್ಟಣದ ಮೇಲೆ ಹೆಚ್ಚು ವೇಗ, ಕಡಿಮೆ ಬಿಸಿ, ಹೆಚ್ಚು ಬಾಳಿಕೆ ಎಂಬ ಮೂರು ಭರವಸೆಗಳಿವೆ. ನಾನು ಸ್ಪರ್ಧೆಗೆ ಹೋಗುವವನಲ್ಲ. ರಜೆಯ ದಿನ ಎರಡು ಮೂರು ಟ್ಯಾಂಕ್ ಓಡಿಸುತ್ತೇನೆ, ಕೆಲವೊಮ್ಮೆ ವಾರಗಟ್ಟಲೆ ಮುಟ್ಟುವುದೇ ಇಲ್ಲ. ಈ ಎಂಜಿನ್ ನನಗೆ ಬಹಳ ಪ್ರಿಯವಾದದ್ದು, ಪದೇ ಪದೇ ಬಿಚ್ಚುವಂತಾಗಬಾರದು. ಯಾವುದನ್ನು ಹಾಕಲಿ?

ಪಿಟ್ ಬೆಂಚ್

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಇಂಧನದಲ್ಲಿ ಹರಳೆಣ್ಣೆ ಇದ್ದರೆ ಅದು ತಿಂಗಳುಗಟ್ಟಲೆ ನಿಂತು ಅಂಟಿನಂತೆ ಗಟ್ಟಿಯಾಗಿರಬಹುದು. ಅಂಟಿನ ತಡೆ ಬೇರೆ, ತುಕ್ಕಿನ ಕರಕರ ಬೇರೆ. ಒಳಗೆ ಸ್ವಲ್ಪ ಹೊಸ ಇಂಧನ ಬಿಟ್ಟು ಅರ್ಧ ಗಂಟೆ ನೆನೆಯಲಿ, ಆಮೇಲೆ ತಿರುಗಿಸಿ. ಅಂಟಾಗಿದ್ದರೆ ಕರಗಿ ಬಿಟ್ಟುಕೊಳ್ಳುತ್ತದೆ. ಕರಕರ ಉಳಿದರೆ ಬೇರಿಂಗ್ ಮುಗಿದಿದೆ ಎಂದೇ ತಿಳಿಯಿರಿ, ಎಂಜಿನ್ನನ್ನು ಚಾಲೂ ಮಾಡಬೇಡಿ.

ಧೂಳಿನ ದಾರಿ

ನೆನೆಸಿ ನೋಡಿದೆ. ಮೊದಲಿಗಿಂತ ಹಗುರವಾಗಿ ತಿರುಗುತ್ತದೆ, ಆದರೆ ಕರಕರ ಹೋಗಿಲ್ಲ.

ಮೂರೂವರೆ ಸಿಸಿ

ಹಾಗಿದ್ದರೆ ಸೆರಾಮಿಕ್ ಹಾಕಿ, ಹಿಂದೆ ಮುಂದೆ ನೋಡಬೇಡಿ. ನಾನು ಮೂರು ಎಂಜಿನ್‌ಗಳಲ್ಲಿ ಹಿಂಬದಿಗೆ ಸೆರಾಮಿಕ್ ಹಾಕಿದ್ದೇನೆ. ಬೇರಿಂಗಿನೊಳಗೆ ಉರುಳುವ ಸೆರಾಮಿಕ್ ಗುಂಡಿಗೆ ತುಕ್ಕು ಹಿಡಿಯುವುದಿಲ್ಲ, ಬಿಸಿಗೆ ಹಿಗ್ಗುವುದಿಲ್ಲ ಎನ್ನುವಷ್ಟು ಕಡಿಮೆ ಹಿಗ್ಗುತ್ತದೆ, ಉಕ್ಕಿನ ಅರ್ಧದಷ್ಟೂ ತೂಕವಿಲ್ಲ. 35,000 ಆರ್‌ಪಿಎಂನಲ್ಲಿ ತಿರುಗುವ ಎಂಜಿನ್ನಿಗೆ ಅದಕ್ಕಿಂತ ಒಳ್ಳೆಯದು ಏನಿದೆ? ಬದಲಿಸಿದ ದಿನವೇ ವ್ಯತ್ಯಾಸ ನನಗೆ ಗೊತ್ತಾಗಿದೆ. ಐಡಲ್ (ಥ್ರಾಟಲ್ ಒತ್ತದಾಗಿನ ನಿಧಾನ ಓಟ) ಸ್ಥಿರವಾಯಿತು, ಥ್ರಾಟಲ್ ಬಿಟ್ಟಾಗ ವೇಗ ಚುರುಕಾಗಿ ಇಳಿಯತೊಡಗಿತು.

ಲೇತ್ ಮನೆ

ಐಡಲ್ ಸ್ಥಿರವಾದದ್ದು ಹಳೆಯ ಬೇರಿಂಗ್ ಹೋಗಿ ಹೊಸದು ಬಂದದ್ದರಿಂದ. ಹೊಸ ಉಕ್ಕಿನ ಬೇರಿಂಗ್ ಹಾಕಿದ್ದರೂ ಅದೇ ಆಗುತ್ತಿತ್ತು. ಸವೆದ ಬೇರಿಂಗ್ ಜೊತೆ ಹೊಚ್ಚ ಹೊಸ ಬೇರಿಂಗನ್ನು ಹೋಲಿಸಿ ಅದರ ಶ್ರೇಯಸ್ಸನ್ನು ಗುಂಡಿಗೆ ಕೊಡುವುದು ನಮ್ಮ ಹವ್ಯಾಸದಲ್ಲಿ ಬಹಳ ನಡೆಯುತ್ತದೆ, ಅದಕ್ಕಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ತೂಕದ ಮಾತನ್ನು ಲೆಕ್ಕ ಹಾಕಿಯೇ ನೋಡೋಣ. ನಾವು ಸೆರಾಮಿಕ್ ಎಂದು ಕರೆಯುವುದು ನಿಜವಾಗಿ ಹೈಬ್ರಿಡ್ ಬೇರಿಂಗ್: ಒಳ ರೇಸ್, ಹೊರ ರೇಸ್ (ಗುಂಡುಗಳು ಓಡುವ ಒಳ, ಹೊರ ಬಳೆಗಳು) ಎರಡೂ ಉಕ್ಕು, ಗುಂಡುಗಳು ಮಾತ್ರ ಸಿಲಿಕಾನ್ ನೈಟ್ರೈಡ್. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.2 ಗ್ರಾಂ, ಉಕ್ಕಿನದು 7.8. ಈ ಅಳತೆಯ ಬೇರಿಂಗಿನಲ್ಲಿ ಗುಂಡಿನ ವ್ಯಾಸ 3.5 ಮಿ.ಮೀ. ಎಂದು ಹಿಡಿದರೆ ಉಕ್ಕಿನ ಗುಂಡು ಸುಮಾರು 0.175 ಗ್ರಾಂ, ಸೆರಾಮಿಕ್ ಗುಂಡು 0.072 ಗ್ರಾಂ ತೂಗುತ್ತದೆ. ಶಾಫ್ಟ್ 35,000 ಆರ್‌ಪಿಎಂನಲ್ಲಿ ತಿರುಗುವಾಗ ಗುಂಡುಗಳ ಸಾಲು ಅಷ್ಟೇ ವೇಗದಲ್ಲಿ ಸುತ್ತುವುದಿಲ್ಲ, ಸುಮಾರು 14,400ರಲ್ಲಿ ಸುತ್ತುತ್ತದೆ. ಆ ವೇಗದಲ್ಲಿ ಒಂದೊಂದು ಉಕ್ಕಿನ ಗುಂಡು ಹೊರ ರೇಸನ್ನು ಸುಮಾರು 4 ನ್ಯೂಟನ್ ಬಲದಿಂದ ಒತ್ತುತ್ತದೆ, ಸೆರಾಮಿಕ್ ಗುಂಡು 1.6 ನ್ಯೂಟನ್ ಬಲದಿಂದ. ಅನುಪಾತ ನೋಡಿದರೆ ದೊಡ್ಡ ಗೆಲುವು.

ಆದರೆ ಪಕ್ಕದಲ್ಲೇ ಪಿಸ್ಟನ್ ಇದೆ. ಅದು, ಪಿನ್ನು, ರಾಡಿನ ಮೇಲ್ಭಾಗ ಎಲ್ಲ ಸೇರಿ 5 ಗ್ರಾಂ ಎಂದುಕೊಂಡರೂ ಅದೇ ವೇಗದಲ್ಲಿ ಅದನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ ಕೆಳಗೆಳೆಯಲು 600 ನ್ಯೂಟನ್‌ಗೂ ಮಿಕ್ಕಿದ ಬಲ ಬೇಕು. ಇಂಧನ ಸಿಡಿದಾಗಿನ ಒತ್ತಡವೂ ನೂರಾರು ನ್ಯೂಟನ್‌ಗಳ ಲೆಕ್ಕದ್ದೇ. ಇವೆಲ್ಲ ಬಂದು ಬೀಳುವುದು ಹಿಂಬದಿ ಬೇರಿಂಗಿನ ಮೇಲೆ. ಇದರ ನಡುವೆ ಗುಂಡಿನಲ್ಲಿ ಉಳಿಸಿದ ಎರಡೂವರೆ ನ್ಯೂಟನ್ ಎಲ್ಲಿ ಕಾಣಬೇಕು? ಹಗುರವಾದ ಗುಂಡಿನಿಂದ ಕಾರು ವೇಗವಾಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಸಿಲಿಕಾನ್ ನೈಟ್ರೈಡ್ ಉಕ್ಕಿಗಿಂತ ಬಿರುಸು, ಅದರ ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿನ ಒಂದೂವರೆ ಪಟ್ಟು. ಹೊರೆ ಬಿದ್ದಾಗ ಉಕ್ಕಿನ ಗುಂಡು ತಾನೂ ಕೊಂಚ ಚಪ್ಪಟೆಯಾಗಿ ಹೊರೆಯನ್ನು ಹರಡುತ್ತದೆ. ಸೆರಾಮಿಕ್ ಗುಂಡು ಹಾಗೆ ಬಗ್ಗುವುದು ಕಡಿಮೆ. ಅದೇ ಹೊರೆ ಚಿಕ್ಕ ಜಾಗದ ಮೇಲೆ ನಿಲ್ಲುತ್ತದೆ. ಲೆಕ್ಕ ಮಾಡಿದರೆ ರೇಸಿನ ಮೇಲಿನ ಒತ್ತಡ ಶೇ. 12ರಷ್ಟು ಹೆಚ್ಚಾಗುತ್ತದೆ. ಪೊಟ್ಟಣದ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ.

ಹೊಸ ಚಕ್ರ

ನಾನು ಈ ಹವ್ಯಾಸಕ್ಕೆ ಹೊಸಬ. ಇಷ್ಟೇ ಆದರೆ ಸೆರಾಮಿಕ್ ಬೇರಿಂಗಿಗೆ ದುಡ್ಡು ಯಾಕೆ ಕೊಡುತ್ತಾರೆ? ಮತ್ತೆ ರೇಸುಗಳು ಉಕ್ಕಿನವೇ ಆದ ಮೇಲೆ ತುಕ್ಕು ಹಿಡಿಯುವುದಿಲ್ಲ ಎಂಬ ಮಾತಿಗೆ ಏನರ್ಥ? ಪೂರ್ತಿ ಸೆರಾಮಿಕ್ ಬೇರಿಂಗೇ ಹಾಕಬಹುದಲ್ಲವೇ?

ಲೇತ್ ಮನೆ

ಪೂರ್ತಿ ಸೆರಾಮಿಕ್ಕನ್ನು ಎಂಜಿನ್ನಿಗೆ ಹಾಕಲೇಬೇಡಿ. ರೇಸೇ ಸೆರಾಮಿಕ್ ಆದರೆ ಪೆಟ್ಟು ಬಿದ್ದಾಗ ಬಿರುಕು ಬಿಡುತ್ತದೆ. ಸೆಕೆಂಡಿಗೆ ಐನೂರಕ್ಕೂ ಹೆಚ್ಚು ಸಲ ಸಿಡಿಯುವ ಎಂಜಿನ್ನಿನಲ್ಲಿ ಪೆಟ್ಟುಗಳಿಗೆ ಬಿಡುವಿಲ್ಲ. ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್ ಬಿಸಿಗೆ ಹಿಗ್ಗಿದಂತೆ ಸೆರಾಮಿಕ್ ರೇಸ್ ಹಿಗ್ಗದ ಕಾರಣ ಅದರ ಹಿಡಿತವೂ ಸಡಿಲವಾಗುತ್ತದೆ.

ಹೈಬ್ರಿಡ್ಡಿನ ನಿಜವಾದ ಗುಣ ಎಣ್ಣೆ ಸಾಲದೆ ಬರುವ ಗಳಿಗೆಯಲ್ಲಿ ಕಾಣುತ್ತದೆ. ನಮ್ಮ ಎಂಜಿನ್‌ಗಳಲ್ಲಿ ಹಿಂಬದಿ ಬೇರಿಂಗಿಗೆ ಬೇರೆ ಗ್ರೀಸ್ ಇಲ್ಲ, ಇಂಧನದಲ್ಲಿ ಕರಗಿರುವ ಎಣ್ಣೆಯೇ ಅದಕ್ಕೆ ಜೀವ. ನೀಡಲ್ಲನ್ನು (ಇಂಧನದ ಹರಿವನ್ನು ಹೊಂದಿಸುವ ತಿರುಪನ್ನು) ಅತಿಯಾಗಿ ಬಿಗಿದು ಲೀನ್ ಮಾಡಿದಿರಿ, ಅಂದರೆ ಗಾಳಿಗೆ ಇಂಧನ ಸಾಲದಂತೆ ಮಾಡಿದಿರಿ, ಟ್ಯಾಂಕಿನ ಕೊನೆಯಲ್ಲಿ ಗಾಳಿಗುಳ್ಳೆ ಬಂತು, ಆಗ ಇಂಧನದ ಜೊತೆಗೆ ಎಣ್ಣೆಯೂ ಕಡಿಮೆಯಾಗುತ್ತದೆ. ಎಣ್ಣೆಯ ಪದರ ಹರಿದು ಉಕ್ಕು ಉಕ್ಕನ್ನು ನೇರವಾಗಿ ಮುಟ್ಟಿದರೆ ಸೂಕ್ಷ್ಮವಾಗಿ ಬೆಸೆದುಕೊಂಡು ಕಿತ್ತು ಬರುತ್ತದೆ; ಮೇಲ್ಮೈ ಒರಟಾಗುವುದು ಅಲ್ಲಿಂದಲೇ ಶುರು. ಸೆರಾಮಿಕ್ ಗುಂಡು ಉಕ್ಕಿಗೆ ಹಾಗೆ ಬೆಸೆದುಕೊಳ್ಳುವುದಿಲ್ಲ. ಸ್ಪರ್ಧೆಯಲ್ಲಿ ಮುಕ್ಕಾಲು ಗಂಟೆ ಬಿಡದೆ, ಅಂಚಿನ ಟ್ಯೂನಿಂಗಿನಲ್ಲಿ ಓಡಿಸುವವರಿಗೆ ಇದು ದುಡ್ಡಿಗೆ ಸರಿಯಾದ ಗುಣ. ಮೂರೂವರೆ ಸಿಸಿ ಅವರ ಅನುಭವ ಸುಳ್ಳಲ್ಲ, ಕಾರಣ ಮಾತ್ರ ಬೇರೆ.

ತುಕ್ಕಿನ ವಿಷಯದಲ್ಲಿ ನೀವು ಕೇಳಿದ್ದೇ ಸರಿಯಾದ ಪ್ರಶ್ನೆ. ರೇಸ್ ಯಾವ ಉಕ್ಕಿನದು ಎಂದು ಮೊದಲು ಕೇಳಿ. ಸಾಮಾನ್ಯ ಬೇರಿಂಗಿನದು 52100 ಎಂಬ ಕ್ರೋಮ್ ಉಕ್ಕು. ಗಟ್ಟಿ, ಆದರೆ ಹೆಸರಿನಲ್ಲಿ ಕ್ರೋಮ್ ಇದ್ದರೂ ಅದರ ಪ್ರಮಾಣ ಶೇ. 1.5ರ ಆಸುಪಾಸು ಮಾತ್ರ. ತುಕ್ಕನ್ನು ತಡೆಯಲು ಅದು ಸಾಲದು. 440ಸಿ ಎಂಬ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಶೇ. 16ರಿಂದ 18. ಗಡಸುತನದಲ್ಲಿ ಒಂದು ಮೆಟ್ಟಿಲು ಕೆಳಗಿದ್ದರೂ ತುಕ್ಕಿಗೆ ಬಹಳ ಹೊತ್ತು ಎದುರು ನಿಲ್ಲುತ್ತದೆ. ಸೆರಾಮಿಕ್ ಗುಂಡು, 52100 ರೇಸ್ ಇರುವ ಬೇರಿಂಗನ್ನು ಕಪಾಟಿನಲ್ಲಿ ಮರೆತರೆ ಗುಂಡುಗಳು ಕನ್ನಡಿಯ ಹಾಗೆ ಉಳಿಯುತ್ತವೆ, ಅವು ಓಡುವ ಹಾದಿ ಗುಳಿ ಬೀಳುತ್ತದೆ. ಆಮೇಲೆ ಆ ಗುಂಡುಗಳಿಂದ ಏನು ಪ್ರಯೋಜನ?

ಎಂಟನೇ ಒಂದು

ಕೇಜಿನ ಬಗ್ಗೆ, ಅಂದರೆ ಗುಂಡುಗಳನ್ನು ಸಮ ಅಂತರದಲ್ಲಿ ಹಿಡಿದಿಡುವ ಚೌಕಟ್ಟಿನ ಬಗ್ಗೆ, ಯಾರೂ ಮಾತಾಡಿಲ್ಲ. ನನ್ನ ಎಂಜಿನ್ ಸತ್ತದ್ದು ಅದರಿಂದ.

ಎರಡು ವರ್ಷದ ಹಿಂದೆ ಅಗ್ಗವಾಗಿ ಸಿಕ್ಕಿತೆಂದು ಒಂದು ಹೈಬ್ರಿಡ್ ಬೇರಿಂಗ್ ತಂದು ಹಿಂಬದಿಗೆ ಹಾಕಿದೆ. ಅದರ ಕೇಜ್ ಪ್ಲಾಸ್ಟಿಕ್ ಆಗಿತ್ತು. ಒಂದು ದಿನ ಎಂಜಿನ್ ಲೀನ್ ಆಗಿ ಬಿಸಿಯೇರಿತು, ನಾನು ಗಮನಿಸುವುದು ತಡವಾಯಿತು. ಎರಡು ಸುತ್ತಿನ ಬಳಿಕ ಒಮ್ಮೆಲೇ ನಿಂತಿತು. ಮುಚ್ಚಳ ತೆಗೆದರೆ ಕೇಜ್ ಕರಗಿ ಮುರಿದಿತ್ತು, ಗುಂಡುಗಳೆಲ್ಲ ಒಂದು ಬದಿಗೆ ಸರಿದು ಎರಡು ಹೊರಗೆ ಬಂದಿದ್ದವು. ಅವುಗಳಲ್ಲಿ ಒಂದರ ಚೂರು ಮೇಲಕ್ಕೆ ಹೋಗಿ ಸ್ಲೀವಿನ (ಪಿಸ್ಟನ್ ಓಡಾಡುವ ಕೊಳವೆಯ) ಉದ್ದಕ್ಕೂ ಗೀರು ಎಳೆದಿತ್ತು. ಪಿಸ್ಟನ್, ಸ್ಲೀವ್, ರಾಡ್ ಮೂರೂ ಹೋದವು. ಉಕ್ಕಿನ ಗುಂಡು ಹೊರಬಂದರೂ ಎಂಜಿನ್ ಉಳಿಯುವುದಿಲ್ಲ, ಅದು ನನಗೆ ಗೊತ್ತು. ಆದರೆ ಸೆರಾಮಿಕ್ ಎಂಬ ಒಂದೇ ಪದ ನೋಡಿ ಉಳಿದದ್ದನ್ನೆಲ್ಲ ನಂಬಿದ್ದು ನನ್ನ ತಪ್ಪು. ಹಿಂಬದಿಗೆ ಯಾವುದೇ ಬೇರಿಂಗ್ ಹಾಕಿ, ಕೇಜ್ ಯಾವುದರದ್ದು ಎಂದು ಕೇಳದೆ ಹಾಕಬೇಡಿ. ಈಗ ನಾನು ಉಕ್ಕಿನ ಕೇಜ್ ಇರುವುದನ್ನೇ ಹುಡುಕಿ ಹಾಕುತ್ತೇನೆ.

ಮೂರೂವರೆ ಸಿಸಿ

ಓದಿ ಬೇಸರವಾಯಿತು. ನನ್ನವುಗಳಲ್ಲಿ ಫೀನಾಲಿಕ್ ಕೇಜ್ ಇದೆ, ಅಂದರೆ ರಾಳ ಹೀರಿದ ಬಟ್ಟೆಯ ಪದರಗಳಿಂದ ಮಾಡಿದ್ದು. ಹಗುರ, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೆಚ್ಚು ವೇಗಕ್ಕೆ ಹೇಳಿಮಾಡಿಸಿದ್ದು. ಅದೂ ಅಮರವಲ್ಲ, ಸವೆಯುತ್ತದೆ. ಹಾಗಾಗಿ ನಾನು ಬೇರಿಂಗ್ ಕೆಡುವ ತನಕ ಕಾಯುವುದಿಲ್ಲ; ರಾಡ್ ಬದಲಿಸುವಾಗ ಬೇರಿಂಗನ್ನೂ ಬದಲಿಸುತ್ತೇನೆ. ಸೆರಾಮಿಕ್ ಹಾಕಿದರೆ ಮತ್ತೆ ನೋಡಬೇಕಾಗಿಲ್ಲ ಎಂಬ ಅರ್ಥ ನನ್ನ ಮೊದಲ ಮಾತಿನಲ್ಲಿ ಬಂದಿದ್ದರೆ ಅದನ್ನು ಹಿಂದೆಗೆದುಕೊಳ್ಳುತ್ತೇನೆ. ಲೇತ್ ಮನೆ ಅವರ ಲೆಕ್ಕವನ್ನು ನಾನೂ ಕಾಗದದ ಮೇಲೆ ಹಾಕಿ ನೋಡಿದೆ, ಸರಿಯಾಗಿದೆ.

ಪಿಟ್ ಬೆಂಚ್

ಧೂಳಿನ ದಾರಿ ಅವರೇ, ನಿಮ್ಮ ಮೊದಲ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರಿಂಗಿನ ಅಳತೆಯಲ್ಲ, "ಮೂರು ತಿಂಗಳು ಕಪಾಟಿನಲ್ಲಿ" ಎಂಬ ಮಾತು. ಇಡುವ ಮೊದಲು ಏನು ಮಾಡಿದ್ದಿರಿ?

ಮೆಥನಾಲ್ ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ನೈಟ್ರೋಮೀಥೇನ್ ಉರಿದ ಮೇಲೆ ಆಮ್ಲದ ಅಂಶ ಉಳಿಯುತ್ತದೆ. ಇವೆರಡೂ ಎಣ್ಣೆಯ ಜೊತೆ ಕ್ರ್ಯಾಂಕ್‌ಕೇಸಿನ ತಳಕ್ಕೆ ಇಳಿದು ನಿಲ್ಲುತ್ತವೆ, ಹಿಂಬದಿ ಬೇರಿಂಗ್ ಅದರಲ್ಲೇ ಕಾಲು ಇಟ್ಟುಕೊಂಡು ಕೂತಿರುತ್ತದೆ. ಓಡುವಾಗ ಕೆಡುವ ಬೇರಿಂಗ್‌ಗಳಿಗಿಂತ ನಿಂತಲ್ಲಿ ಕೆಟ್ಟ ಬೇರಿಂಗ್‌ಗಳನ್ನೇ ನಾನು ಹೆಚ್ಚು ಬಿಚ್ಚಿದ್ದೇನೆ.

ನನ್ನ ಕ್ರಮ ಹೀಗೆ. ದಿನದ ಓಟ ಮುಗಿದ ಕೂಡಲೇ ಟ್ಯಾಂಕ್ ಖಾಲಿ ಮಾಡಿ, ಇಂಧನದ ಕೊಳವೆ ಬಿಚ್ಚಿ, ಎಂಜಿನ್ ಬಿಸಿಯಿರುವಾಗಲೇ ಮತ್ತೆ ಚಾಲೂ ಮಾಡಿ ಐಡಲ್ಲಿನಲ್ಲೇ ಆರಲು ಬಿಡುತ್ತೇನೆ. ಚಾಲೂ ಆಗದಾಗುವ ತನಕ ಇದನ್ನು ಎರಡು ಮೂರು ಸಲ ಮಾಡುತ್ತೇನೆ. ನಂತರ ಕಾರ್ಬ್ಯುರೇಟರಿನ ಬಾಯಿಗೆ ಆಫ್ಟರ್-ರನ್ ಎಣ್ಣೆಯ (ಓಟದ ನಂತರ ತುಕ್ಕು ತಡೆಯಲು ಹಾಕುವ ಎಣ್ಣೆಯ) ಏಳೆಂಟು ಹನಿ, ಪ್ಲಗ್ ರಂಧ್ರಕ್ಕೆ ಮೂರು ನಾಲ್ಕು ಹನಿ. ಪ್ಲಗ್ ಇಲ್ಲದೆ ಸ್ಟಾರ್ಟರಿನ ಮೇಲೆ ಹತ್ತು ಸೆಕೆಂಡು ತಿರುಗಿಸಿ, ಕಾರನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಲಿಸುತ್ತೇನೆ, ಎಣ್ಣೆ ಎರಡೂ ಬೇರಿಂಗಿಗೆ ಹರಿಯಲಿ ಎಂದು. ಪಿಸ್ಟನ್ನನ್ನು ಕೆಳಗಿನ ತುದಿಯಲ್ಲಿ ನಿಲ್ಲಿಸಿ ಇಡುತ್ತೇನೆ. ಮೇಲೆ ಸ್ಲೀವ್ ಕಿರಿದಾಗಿರುವ ಕಡೆ ಸಿಕ್ಕಿಕೊಂಡು ನಿಲ್ಲಬಾರದು. ಐದು ನಿಮಿಷದ ಕೆಲಸ. ದಣಿದು ಮನೆಗೆ ಹೊರಡುವ ಹೊತ್ತಿಗೆ ಆ ಐದು ನಿಮಿಷ ಎಷ್ಟು ಭಾರ ಎಂಬುದೂ ನನಗೆ ಗೊತ್ತು.

ಧೂಳಿನ ದಾರಿ

ಏನೂ ಮಾಡಿರಲಿಲ್ಲ. ಅಂದು ಕತ್ತಲಾಗಿತ್ತು, ನಾಳೆ ಮಾಡೋಣ ಎಂದು ಇಟ್ಟವನು ಮರೆತೇಬಿಟ್ಟೆ.

ಹೊಸ ಚಕ್ರ

ಮುಂಬದಿ ಬೇರಿಂಗಿಗೂ ಸೆರಾಮಿಕ್ ಬೇಕೇ? ಕ್ಲಚ್ಚನ್ನು ಮುಚ್ಚಿಕೊಂಡು ಚಕ್ರಗಳ ಕಡೆಗೆ ತಿರುವು ದಾಟಿಸುವ ಕ್ಲಚ್ ಬೆಲ್ಲಿಗೆ? ಎಬೆಕ್ 7, ಎಬೆಕ್ 9 ಎಂದು ಬರೆದಿರುತ್ತದಲ್ಲ, ಅದರಲ್ಲಿ ಹೆಚ್ಚಿನದನ್ನೇ ನೋಡಿ ಕೊಂಡರೆ ಸಾಕೇ?

ಲೇತ್ ಮನೆ

ಎಬೆಕ್ ಎಂದರೆ ಅಳತೆಯ ಮತ್ತು ತಿರುಗುವಿಕೆಯ ನಿಖರತೆಯ ದರ್ಜೆ ಅಷ್ಟೇ. ಉಕ್ಕು ಯಾವುದು, ಕೇಜ್ ಎಂಥದ್ದು, ಗುಂಡುಗಳ ನಡುವಿನ ಸಡಿಲ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಎಂಜಿನ್ನಿಗೆ ಆ ಸಡಿಲವೇ ಮುಖ್ಯ. ಬೇರಿಂಗನ್ನು ಕ್ರ್ಯಾಂಕ್‌ಕೇಸಿಗೆ ಬಿಗಿಯಾಗಿ ಕೂರಿಸಿದಾಗ ಹೊರ ರೇಸ್ ಕುಗ್ಗುತ್ತದೆ, ಒಳ ರೇಸ್ ಓಡುವಾಗ ಹೆಚ್ಚು ಬಿಸಿಯಾಗಿ ಹಿಗ್ಗುತ್ತದೆ. ಮೊದಲೇ ಜಾಗ ಇಲ್ಲದಿದ್ದರೆ ಗುಂಡುಗಳು ಹಿಂಡಿಹೋಗುತ್ತವೆ. ಅದಕ್ಕಾಗಿ ಸಾಮಾನ್ಯಕ್ಕಿಂತ ಹೆಚ್ಚು ಸಡಿಲವಿರುವ ಸಿ3 ವರ್ಗವನ್ನು ಕೇಳಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಹೊಸದರಲ್ಲೂ ಕೊಂಚ ಆಟ ಇರುತ್ತದೆ, ಅದು ದೋಷವಲ್ಲ.

ಮುಂಬದಿಗೆ, ಅಂದರೆ 7×19×6 ಬೇರಿಂಗಿಗೆ, ಉಕ್ಕು ಸಾಕು. ಕ್ರ್ಯಾಂಕ್ ಪಿನ್ ಹಿಂಬದಿ ಬೇರಿಂಗಿಗಿಂತಲೂ ಹಿಂದೆ ಚಾಚಿಕೊಂಡಿದೆ. ಪಿಸ್ಟನ್ ಅದನ್ನು ಕೆಳಗೆ ತಳ್ಳಿದಾಗ ಹಿಂಬದಿ ಬೇರಿಂಗ್ ಸನ್ನೆಕೋಲಿನ ಆಧಾರವಾಗುತ್ತದೆ, ಮುಂಬದಿಯದು ಎತ್ತುವ ತುದಿಯನ್ನು ತಡೆದು ಹಿಡಿಯುವ ಕೆಲಸ ಮಾಡುತ್ತದೆ. ಭಾರವೆಲ್ಲ ಹಿಂದಿನದಕ್ಕೇ. ಮುಂಬದಿಯಲ್ಲಿ ನೋಡಬೇಕಾದದ್ದು ಹೊರಗಿನ ಸೀಲು. ಅದು ಸೋತರೆ ಧೂಳು ಒಳಗೆ, ಇಂಧನ ಹೊರಗೆ. ಎಷ್ಟು ನೀಡಲ್ ತಿರುಗಿಸಿದರೂ ಟ್ಯೂನಿಂಗ್ ಒಂದು ಕಡೆ ನಿಲ್ಲುವುದಿಲ್ಲ.

ಕ್ಲಚ್ ಬೆಲ್ ವಿಚಿತ್ರ ಜಾಗ. ಕ್ಲಚ್ ಹಿಡಿದ ಮೇಲೆ ಬೆಲ್ಲೂ ಶಾಫ್ಟೂ ಒಟ್ಟಿಗೇ ತಿರುಗುತ್ತವೆ, ಬೇರಿಂಗಿಗೆ ಕೆಲಸವೇ ಇಲ್ಲ. ಅದು ದುಡಿಯುವುದು ಐಡಲ್ಲಿನಲ್ಲಿ ಮತ್ತು ಕ್ಲಚ್ ಜಾರುವಾಗ. ಅದನ್ನು ಕೊಲ್ಲುವುದು ವೇಗವಲ್ಲ, ಕ್ಲಚ್ಚಿನ ಬಿಸಿ ಮತ್ತು ಅದರ ಪುಡಿ. ಸಾಮಾನ್ಯ ಉಕ್ಕಿನದನ್ನು ಹಾಕಿ, ಬೇಗ ಬೇಗ ಬದಲಿಸಿ.

ಧೂಳಿನ ದಾರಿ

ಇವತ್ತು ಬಿಚ್ಚಿದೆ. ಕಾರ್ಬ್ಯುರೇಟರ್, ರಬ್ಬರ್ ಉಂಗುರಗಳು, ಸ್ಲೀವ್, ಕ್ರ್ಯಾಂಕ್ ಎಲ್ಲವನ್ನೂ ತೆಗೆದು ಬರಿಯ ಕ್ರ್ಯಾಂಕ್‌ಕೇಸನ್ನು ಇಂಧನದ ವಾಸನೆಯೂ ಉಳಿಯದಂತೆ ತೊಳೆದೆ. ಇನ್ನು ಓವನ್ನಿನಲ್ಲಿ ಬಿಸಿ ಮಾಡಬೇಕು. ಎಷ್ಟು ಬಿಸಿ?

ಲೇತ್ ಮನೆ

150 ಡಿಗ್ರಿ ಸೆಲ್ಸಿಯಸ್, ಹದಿನೈದು ನಿಮಿಷ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, 25.4 ಮಿ.ಮೀ. ರಂಧ್ರದಲ್ಲಿ ಆ ಬಿಸಿಗೆ 35 ಮೈಕ್ರಾನ್‌ನಷ್ಟು ಹೆಚ್ಚುವರಿ ಜಾಗ ಸಿಗುತ್ತದೆ. ದಪ್ಪ ಕೈಗವಸು ಹಾಕಿಕೊಂಡು ಮರದ ತುಂಡಿನ ಮೇಲೆ ಹಿಂಬದಿ ಕೆಳಗಾಗಿ ಒಮ್ಮೆ ಬಡಿದರೆ ತಾನೇ ಉದುರುತ್ತದೆ. ಉದುರದಿದ್ದರೆ ಮತ್ತೆ ಬಿಸಿ ಮಾಡಿ, ಬಲ ಹಾಕಬೇಡಿ.

ಹೊಸದನ್ನು ಕೂರಿಸುವಾಗ ಹೊರ ರೇಸನ್ನು ಮಾತ್ರ ಒತ್ತಿ. ಒಳ ರೇಸನ್ನು ಹಿಡಿದು ಒತ್ತಿದರೆ ಆ ಬಲ ಗುಂಡುಗಳ ಮೂಲಕ ಹಾದು ರೇಸಿನಲ್ಲಿ ಚಿಕ್ಕ ಚಿಕ್ಕ ಗುಳಿ ಮಾಡುತ್ತದೆ. ಸೆರಾಮಿಕ್ ಗುಂಡು ಇನ್ನೂ ಗಟ್ಟಿಯಾದ್ದರಿಂದ ಅದರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಂದು ದಿನವೂ ಓಡದೆ ಕೂರಿಸುವಾಗಲೇ ಕೆಟ್ಟ ದುಬಾರಿ ಬೇರಿಂಗ್‌ಗಳನ್ನು ನಾನು ನೋಡಿದ್ದೇನೆ.

ಧೂಳಿನ ದಾರಿ

ಮೊದಲ ಬಡಿತಕ್ಕೇ ಹಿಂಬದಿಯದು ಉದುರಿತು. ಕೇಜನ್ನು ಕತ್ತರಿಸಿ, ಗುಂಡುಗಳನ್ನು ಒಂದು ಬದಿಗೆ ಸರಿಸಿ ಬಿಡಿಸಿದೆ. ಒಳ ರೇಸಿನ ಒಂದು ಅರ್ಧ ಹೊಳೆಯುತ್ತಿದೆ. ಇನ್ನೊಂದು ಅರ್ಧದಲ್ಲಿ, ಗುಂಡುಗಳು ನಿಂತಿದ್ದ ಜಾಗಗಳಲ್ಲೇ, ಸಮಾನ ಅಂತರದಲ್ಲಿ ನಾಲ್ಕು ಕಂದು ಕಲೆಗಳಿವೆ. ಉಗುರು ಆಡಿಸಿದರೆ ಗುಳಿ ತಟ್ಟುತ್ತದೆ. ಹೊರ ರೇಸಿನ ಕೆಳಭಾಗದಲ್ಲೂ ಅಂಥದೇ ಕಲೆಗಳು. ಬಿಸಿಯಿಂದ ನೀಲಿಗಟ್ಟಿದ ಗುರುತು ಎಲ್ಲೂ ಇಲ್ಲ. ಎಣ್ಣೆ ಸಾಲದೆ ಸವೆದದ್ದಲ್ಲ ಇದು. ಮೂರು ತಿಂಗಳು ಒಂದೇ ಕಡೆ ನಿಂತು ತುಕ್ಕು ತಿಂದದ್ದು. 52100 ರೇಸಿನ ಸೆರಾಮಿಕ್ ಇದ್ದಿದ್ದರೂ ಈ ಹಾದಿಗೆ ಇದೇ ಗತಿಯಾಗುತ್ತಿತ್ತು.

ಹಾಗಾಗಿ ಹಿಂಬದಿಗೆ 440ಸಿ ರೇಸು, ಉಕ್ಕಿನ ಗುಂಡು, ಉಕ್ಕಿನ ಕೇಜ್ ಇರುವ ಸಿ3 ಬೇರಿಂಗನ್ನು ತರಿಸುತ್ತಿದ್ದೇನೆ. ಕೆಲಸ ಒಂದೇ ಸಲಕ್ಕೆ ಮುಗಿಯಲಿ ಎಂದು ಮುಂಬದಿಗೂ ಹೊಸದು.

ಮೂರೂವರೆ ಸಿಸಿ

ನಿಮ್ಮ ಓಟಕ್ಕೆ ಅದು ಸರಿಯಾದ ಆಯ್ಕೆ. ನನ್ನ ಸ್ಪರ್ಧೆಯ ಎಂಜಿನ್ನಿನಲ್ಲಿ ಮಾತ್ರ ಸೆರಾಮಿಕ್ಕೇ ಇರುತ್ತದೆ. ಅದು ಪ್ರತಿ ವಾರ ಓಡುತ್ತದೆ, ತುಕ್ಕಿಗೆ ಕೂರಲು ಹೊತ್ತೇ ಸಿಗುವುದಿಲ್ಲ. ಮುಂದಿನ ಸಲ ತರಿಸುವಾಗ ರೇಸಿನ ಉಕ್ಕು ಯಾವುದೆಂದು ನಾನೂ ಕೇಳುತ್ತೇನೆ. ಇಷ್ಟು ವರ್ಷ ಕೇಳಿರಲಿಲ್ಲ.

ಧೂಳಿನ ದಾರಿ

ಮೂರು ವಾರದ ಬಳಿಕ ಬರೆಯುತ್ತಿದ್ದೇನೆ. ಬೇರಿಂಗ್‌ಗಳು ಕೂತವು; ಬಿಸಿ ಕ್ರ್ಯಾಂಕ್‌ಕೇಸಿಗೆ ಹಿಂಬದಿಯದು ಒತ್ತುವ ಮೊದಲೇ ಜಾರಿ ಇಳಿಯಿತು. ಎರಡು ಟ್ಯಾಂಕ್ ರಿಚ್ ಆಗಿಯೇ, ಅಂದರೆ ಇಂಧನ ಹೆಚ್ಚು ಬಿಟ್ಟೇ, ಓಡಿಸಿದೆ, ಮೂರನೆಯದರಿಂದ ನೀಡಲ್ ಸರಿಪಡಿಸಿದೆ. ಐಡಲ್ ಒಂದೇ ಸಮನೆ ನಿಲ್ಲುತ್ತಿದೆ. ಪ್ರತಿ ಸಲ ಓಡಿಸಿದ ಮೇಲೂ ಪಿಟ್ ಬೆಂಚ್ ಅವರ ಕ್ರಮವನ್ನು ತಪ್ಪದೆ ಮಾಡಿದ್ದೇನೆ, ಒಂದು ಸಲ ಟಾರ್ಚ್ ಬೆಳಕಿನಲ್ಲಿ. ನಿನ್ನೆ ಹಿಂದಿನ ಮುಚ್ಚಳ ತೆಗೆದು ನೋಡಿದೆ. ರಾಡಿನ ಬುಡದಲ್ಲಿ ಕಂದು ಬಣ್ಣದ ಸುಳಿವಿಲ್ಲ, ಎಣ್ಣೆ ಮಾತ್ರ ತೆಳುವಾಗಿ ಹೊಳೆಯುತ್ತಿತ್ತು.

ಪಿಟ್ ಬೆಂಚ್

ಸಂತೋಷ. ಮುಚ್ಚಳದ ರಬ್ಬರ್ ಉಂಗುರ ಹಿಗ್ಗಿದ್ದರೆ ಬದಲಿಸಿಬಿಡಿ, ಅಲ್ಲಿಂದಲೂ ಗಾಳಿ ಸೋರುತ್ತದೆ.